ದಿನಚರಿಯನ್ನು ರಾತ್ರಿಯ ಊಟದಿಂದ ಶುರುಮಾಡಿ: ಆರೋಗ್ಯಕರ ಅಭ್ಯಾಸಗಳನ್ನು ಕ್ರಮವಾಗಿ ರೂಢಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಆರೋಗ್ಯಕ್ಕಾಗಿ ದಿನಚರಿ ಬದಲಿಸಿಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಸೋಮವಾರ ಬೆಳಗಿನ ಐದಕ್ಕೆ ಅಲಾರಾಂ ಇಟ್ಟು, ಬಿಸಿನೀರಿಗೆ ನಿಂಬೆರಸ ಹಿಂಡಿ ಕುಡಿದು, ಒಂದು ಗಂಟೆ ನಡೆದು, ಅದೇ ದಿನದಿಂದ ಅನ್ನವನ್ನೂ ಸಕ್ಕರೆಯನ್ನೂ ಬಿಟ್ಟು, ಎರಡನೆಯ ವಾರ ಮುಗಿಯುವುದರೊಳಗೆ ಎಲ್ಲವನ್ನೂ ಕೈಬಿಟ್ಟಿರುತ್ತಾರೆ. ಇದನ್ನು ಮನೋಬಲದ ಕೊರತೆ ಎಂದು ಹಳಿದುಕೊಳ್ಳುವುದು ವಾಡಿಕೆಯಾದರೂ ದೋಷವಿರುವುದು ಕ್ರಮದಲ್ಲಿ. ರಾತ್ರಿ ಹತ್ತಕ್ಕೆ ಉಂಡು ಹನ್ನೆರಡಕ್ಕೆ ಮಲಗುವ ಮನೆಯಲ್ಲಿ ಐದಕ್ಕೆ ಎದ್ದವರಿಗೆ ಸಿಕ್ಕಿರುವುದು ಐದೇ ಗಂಟೆಯ ನಿದ್ದೆ. ಅಷ್ಟು ನಿದ್ದೆಯಲ್ಲಿ ಯಾವ ಅಭ್ಯಾಸವೂ ಬಹಳ ದಿನ ನಿಲ್ಲುವುದಿಲ್ಲ.

ಆದ್ದರಿಂದ ಇಲ್ಲಿ ಹೇಳುವ ಕ್ರಮ ತಲೆಕೆಳಗಾಗಿ ಕಾಣಬಹುದು. ಮೊದಲು ರಾತ್ರಿಯ ಊಟದ ಹೊತ್ತು, ಅನಂತರ ನಿದ್ದೆ, ಆಮೇಲೆ ಬೆಳಗು, ನಡಿಗೆ, ತಟ್ಟೆ, ಕೊನೆಗೆ ಉಪ್ಪು, ಎಣ್ಣೆ ಮತ್ತು ಸಕ್ಕರೆ. ಒಂದು ಹಂತ ಸಲೀಸಾಗಿ ನಡೆಯತೊಡಗಿದ ಮೇಲೆಯೇ ಮುಂದಿನದಕ್ಕೆ ಕೈಹಾಕಿ. ಪ್ರತಿ ಹಂತಕ್ಕೆ ಎರಡು ವಾರ ಬೇಕಾಗಬಹುದು, ಕೆಲವರಿಗೆ ನಾಲ್ಕು ವಾರವೂ ಹಿಡಿಯಬಹುದು. ಅವಸರ ಮಾಡಿ ಗಳಿಸುವಂಥದ್ದು ಇದರಲ್ಲಿ ಏನೂ ಇಲ್ಲ.

ಶುರುಮಾಡುವ ಮುನ್ನ: ಬೇಕಾದ ಸಾಮಾನು ಮತ್ತು ಒಂದು ಎಚ್ಚರಿಕೆ

ದುಬಾರಿ ಸಲಕರಣೆ ಯಾವುದೂ ಬೇಡ. ಒಂದು ನೋಟ್‌ಪುಸ್ತಕ, ಅಡುಗೆಮನೆಯಲ್ಲಿ ಐದು ಮಿಲಿಲೀಟರಿನ ಒಂದು ಅಳತೆ ಚಮಚ, ದರ್ಜಿಗಳು ಬಳಸುವ ಅಳತೆಪಟ್ಟಿ, ಹಿಮ್ಮಡಿಗೆ ಮೆತ್ತೆಯಿರುವ ಒಂದು ಜೊತೆ ಬೂಟು, ಮತ್ತು ಕೈಗಡಿಯಾರ ಅಥವಾ ಸಾಧಾರಣ ಅಲಾರಾಂ ಗಡಿಯಾರ ಸಾಕು. ಮನೆಯಲ್ಲಿ ನಲವತ್ತು ದಾಟಿದವರಿದ್ದರೆ ತೋಳಿಗೆ ಕಟ್ಟುವ ಬಿ.ಪಿ. ಯಂತ್ರ ಇರುವುದು ಒಳ್ಳೆಯದು. ಮಣಿಕಟ್ಟಿಗೆ ಕಟ್ಟುವಂಥದ್ದಕ್ಕಿಂತ ತೋಳಿನದು ಹೆಚ್ಚು ನಂಬಿಕೆಗೆ ಅರ್ಹ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಹೃದ್ರೋಗ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಮೊದಲು ತಮ್ಮ ವೈದ್ಯರಿಗೆ ಹೇಳಿಯೇ ಮುಂದುವರಿಯಬೇಕು. ಊಟದ ಹೊತ್ತು ಮತ್ತು ಪ್ರಮಾಣ ಬದಲಾದರೆ ಮಾತ್ರೆಯ ಹೊತ್ತು ಮತ್ತು ಪ್ರಮಾಣವನ್ನೂ ಬದಲಿಸಬೇಕಾಗಬಹುದು. ಅದನ್ನು ನಾವೇ ಅಂದಾಜಿನಿಂದ ಮಾಡುವಂತಿಲ್ಲ, ಮತ್ತು ಈ ಮಾರ್ಗದರ್ಶಿಯ ಯಾವ ಹಂತವೂ ಮಾತ್ರೆಗೆ ಬದಲಿಯಲ್ಲ.

ಹಂತ 1: ಒಂದು ವಾರ ಏನನ್ನೂ ಬದಲಿಸದೆ ಬರೆದಿಡಿ

ಮೊದಲ ವಾರ ನಡೆಯುತ್ತಿರುವಂತೆಯೇ ನಡೆಯಲಿ. ದಿನಕ್ಕೆ ಐದು ಸಂಗತಿಗಳನ್ನು ಮಾತ್ರ ಬರೆಯಿರಿ: ರಾತ್ರಿಯ ಊಟ ಮುಗಿದ ಹೊತ್ತು, ದೀಪ ಆರಿಸಿದ ಹೊತ್ತು, ಎದ್ದ ಹೊತ್ತು, ಕೊನೆಯ ಕಾಫಿ ಅಥವಾ ಚಹಾದ ಹೊತ್ತು, ಮತ್ತು ಒಟ್ಟು ಎಷ್ಟು ನಿಮಿಷ ನಡೆದಿರಿ ಎಂಬುದು. ವಾರದ ಕೊನೆಗೆ ಈ ಹಾಳೆಯನ್ನು ನೋಡಿದರೆ ಸಮಸ್ಯೆ ಎಲ್ಲಿದೆ ಎಂಬುದು ತಾನಾಗಿಯೇ ಕಾಣುತ್ತದೆ.

ಇದೇ ವಾರ ಎರಡು ಅಳತೆ ತೆಗೆದಿಡಿ. ಮೊದಲನೆಯದು ಸೊಂಟದ ಸುತ್ತಳತೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟ ಸ್ಥಿತಿಯಲ್ಲಿ, ಹೊಟ್ಟೆ ಒಳಗೆಳೆದುಕೊಳ್ಳದೆ ಅಳೆಯಬೇಕು. ಭಾರತೀಯರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಅದು ಎಚ್ಚರಿಕೆಯ ಗೆರೆ. ತೂಕದ ಯಂತ್ರ ದಿನಕ್ಕೊಂದು ಅಂಕಿ ತೋರಿಸಿ ಮನಸ್ಸು ಕೆಡಿಸುತ್ತದೆ. ಮೂರು ತಿಂಗಳಿಗೊಮ್ಮೆ ಅಳತೆಪಟ್ಟಿ ಹಿಡಿದರೆ ಅಷ್ಟೇ ಸಾಕು.

ಎರಡನೆಯದು ರಕ್ತದೊತ್ತಡ. ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ, ಬೀಡಿ, ಸಿಗರೇಟು ಬೇಡ. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕುಳಿತು, ತೋಳು ಎದೆಯ ಮಟ್ಟದಲ್ಲಿರುವಂತೆ ಮೇಜಿನ ಮೇಲಿಟ್ಟು ಅಳೆಯಿರಿ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದು ಎರಡನ್ನೂ ಬರೆದಿಡಿ. ಮೆಟ್ಟಿಲು ಹತ್ತಿ ಬಂದ ಕೂಡಲೇ ಪಟ್ಟಿ ಕಟ್ಟಿಕೊಂಡು, ಟಿ.ವಿ. ನೋಡುತ್ತ, ಮಾತಾಡುತ್ತ ಅಳೆದ ಅಂಕಿಯನ್ನು ನಂಬಿ ಹೆದರುವವರೂ ಇದ್ದಾರೆ, ನಿಶ್ಚಿಂತರಾಗುವವರೂ ಇದ್ದಾರೆ, ಎರಡೂ ತಪ್ಪು. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ದಿನಚರಿ ಸರಿಹೋಗಲಿ ಎಂದು ಕಾಯದೆ ವೈದ್ಯರನ್ನು ಕಾಣಿರಿ.

ಹಂತ 2: ರಾತ್ರಿಯ ಊಟವನ್ನು ಹಿಂದಕ್ಕೆ ತನ್ನಿ

ಗುರಿ ಇಷ್ಟೇ: ಊಟ ಮುಗಿಯುವುದಕ್ಕೂ ಮಲಗುವುದಕ್ಕೂ ನಡುವೆ ಎರಡರಿಂದ ಮೂರು ಗಂಟೆ ಅಂತರವಿರಬೇಕು. ಸಂಜೆ ಕಳೆದಂತೆ ದೇಹ ಊಟದ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಬೆಳಗಿನಷ್ಟು ಇರುವುದಿಲ್ಲ. ಹೊಟ್ಟೆ ತುಂಬಿರುವಾಗಲೇ ಅಡ್ಡಾದರೆ ಆಮ್ಲ ಅನ್ನನಾಳಕ್ಕೆ ಮೇಲೇರಿ ಎದೆಯುರಿ, ಹುಳಿತೇಗು, ಬೆಳಗಿನ ಜಾವದ ಒಣಕೆಮ್ಮು ಕಾಣಿಸಿಕೊಳ್ಳುತ್ತವೆ. ಇನ್ನೂ ಒಂದು ಪರಿಣಾಮವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ತಡವಾಗಿ ಉಂಡವರಿಗೆ ಬೆಳಗ್ಗೆ ಹಸಿವಿರುವುದಿಲ್ಲ, ತಿಂಡಿ ತಪ್ಪುತ್ತದೆ, ಹನ್ನೊಂದಕ್ಕೆ ಕಾಫಿ ಬಿಸ್ಕತ್ತು ಬರುತ್ತದೆ, ಮಧ್ಯಾಹ್ನದ ಊಟ ಮೂರಕ್ಕೆ ಹೋಗುತ್ತದೆ, ಹೀಗೆ ರಾತ್ರಿಯ ಊಟ ಮತ್ತೆ ಹತ್ತಕ್ಕೇ ಬಂದು ನಿಲ್ಲುತ್ತದೆ.

ಒಂದೇ ದಿನದಲ್ಲಿ ಹತ್ತರಿಂದ ಏಳೂವರೆಗೆ ಎಳೆಯಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತಂದರೆ ಒಂದು ತಿಂಗಳಲ್ಲಿ ಊಟ ಎರಡು ಗಂಟೆಯಷ್ಟು ಬೇಗ ಮುಗಿಯತೊಡಗುತ್ತದೆ. ಇದಕ್ಕೆ ಅಡುಗೆಮನೆಯ ಸಿದ್ಧತೆ ಬೇಕು. ಬೆಳಗ್ಗೆ ಮಧ್ಯಾಹ್ನದ ಡಬ್ಬಿಗೆ ಸಾರು ಮಾಡುವಾಗಲೇ ರಾತ್ರಿಗೂ ಸಾಕಾಗುವಷ್ಟು ಬೇಳೆ ಬೇಯಿಸಿ ಫ್ರಿಜ್ಜಿನಲ್ಲಿಟ್ಟರೆ, ಸಂಜೆ ಒಗ್ಗರಣೆ ಮತ್ತು ಒಂದು ಪಲ್ಯ ಮಾತ್ರ ಉಳಿಯುತ್ತದೆ. ಆ ಸಿದ್ಧತೆಯ ಭಾರವನ್ನೆಲ್ಲ ಮನೆಯ ಒಬ್ಬ ಹೆಣ್ಣುಮಗಳ ಮೇಲೆ ಹೊರಿಸಿ ‘ನಮ್ಮ ಮನೆಯಲ್ಲಿ ಎಲ್ಲರೂ ಬೇಗ ಊಟ ಮಾಡುತ್ತೇವೆ’ ಎಂದು ಹೇಳಿಕೊಳ್ಳುವುದು ಆರೋಗ್ಯದ ಅಭ್ಯಾಸವಲ್ಲ. ಸೊಪ್ಪು ಬಿಡಿಸುವುದು, ತರಕಾರಿ ಹೆಚ್ಚುವುದು ಯಾರ ಕೈಗಾದರೂ ಬರುವ ಕೆಲಸ.

ಸಾಮಾನ್ಯ ತಪ್ಪು ಸಂಜೆಯ ತಿಂಡಿಯಲ್ಲಿದೆ. ಆರೂವರೆಗೆ ಬಜ್ಜಿ, ಖಾರ, ಚಕ್ಕುಲಿ ತಿಂದವರಿಗೆ ಎಂಟಕ್ಕೆ ಹಸಿವಾಗುವುದಾದರೂ ಹೇಗೆ? ಐದೂವರೆಯೊಳಗೆ ಕಡಲೆಕಾಳಿನ ಉಸಲಿಯನ್ನೋ ಒಂದು ಬಾಳೆಹಣ್ಣನ್ನೋ ಒಂದು ಹಿಡಿ ಹುರಿಗಡಲೆಯನ್ನೋ ತಿಂದು ಮುಗಿಸಿ.

ಕಚೇರಿಯಿಂದ ಒಂಬತ್ತಕ್ಕೆ ಮನೆ ಸೇರುವವರು ಊಟವನ್ನು ಎರಡು ಭಾಗ ಮಾಡಿಕೊಳ್ಳಬಹುದು. ಏಳು ಗಂಟೆಗೆ ಕಚೇರಿಯಲ್ಲೇ ಡಬ್ಬಿಯ ಚಪಾತಿ ಪಲ್ಯ ತಿಂದು, ಮನೆಗೆ ಬಂದ ಮೇಲೆ ಒಂದು ಸಣ್ಣ ಬಟ್ಟಲು ಮಜ್ಜಿಗೆಯನ್ನವೋ ಬರೀ ಮಜ್ಜಿಗೆಯೋ ಸಾಕು. ರಾತ್ರಿ ಪಾಳಿಯವರು ಗಡಿಯಾರದ ಅಂಕಿಗೆ ಅಂಟಿಕೊಳ್ಳಬೇಕಿಲ್ಲ. ತಮ್ಮ ಮುಖ್ಯ ನಿದ್ದೆಗೆ ಎರಡು ಗಂಟೆ ಮೊದಲು ದೊಡ್ಡ ಊಟ ಮುಗಿದಿರಲಿ, ನಡುರಾತ್ರಿಯಲ್ಲಿ ಹೊಟ್ಟೆ ಬಿರಿಯುವಂತೆ ಉಣ್ಣದಿರಲಿ.

ಕೆಟ್ಟ ಸೂಚನೆಯನ್ನೂ ತಿಳಿದಿರಿ. ಊಟ ಬೇಗ ಮಾಡಿದ ಮೇಲೆ ರಾತ್ರಿ ಬೆವರು, ನಡುಕ, ಎದೆಬಡಿತ, ಮಂಕು ಕಾಣಿಸಿಕೊಂಡರೆ, ಅದರಲ್ಲೂ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ, ರಕ್ತದ ಸಕ್ಕರೆ ತೀರ ಇಳಿದಿರಬಹುದು. ಎಚ್ಚರವಿದ್ದು ನುಂಗಬಲ್ಲ ಸ್ಥಿತಿಯಲ್ಲಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟು, ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು; ಅವರನ್ನು ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಹಂತ 3: ನಿದ್ದೆಯ ಎರಡು ತುದಿಗಳನ್ನು ಕಟ್ಟಿ

ವಯಸ್ಕರಿಗೆ ಏಳು ಗಂಟೆಗಿಂತ ಕಡಿಮೆ ನಿದ್ದೆ ಸಾಲದು. ಇಲ್ಲಿ ಮೊದಲು ಗಟ್ಟಿಮಾಡಬೇಕಾದದ್ದು ಏಳುವ ಹೊತ್ತು, ಮಲಗುವ ಹೊತ್ತಲ್ಲ. ಆರಕ್ಕೆ ಏಳುವುದೆಂದು ಗೊತ್ತುಮಾಡಿಕೊಂಡರೆ ಭಾನುವಾರವೂ ಏಳರೊಳಗೆ ಎದ್ದಿರಬೇಕು. ಆಗ ಮಲಗುವ ಹೊತ್ತಿಗೆ ನಿದ್ದೆ ತಾನಾಗಿ ಬರತೊಡಗುತ್ತದೆ. ವಾರವೆಲ್ಲ ಆರಕ್ಕೆ ಎದ್ದು ರಜೆಯ ದಿನ ಹತ್ತರವರೆಗೆ ಮಲಗುವವರಿಗೆ ಭಾನುವಾರ ರಾತ್ರಿ ಕಣ್ಣು ಮುಚ್ಚುವುದೇ ಇಲ್ಲ, ಸೋಮವಾರ ತಲೆ ಭಾರ.

ಕಾಫಿಯ ಲೆಕ್ಕವನ್ನು ನಿಷ್ಠುರವಾಗಿ ಹಾಕಿ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಹೊರಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದೂವರೆಗೆ ಗಟ್ಟಿ ಡಿಕಾಕ್ಷನ್ನಿನ ಒಂದು ಲೋಟ ಕುಡಿದರೆ ರಾತ್ರಿ ಹತ್ತೂವರೆಗೆ ಅರ್ಧ ಲೋಟದಷ್ಟು ಮೈಯಲ್ಲೇ ಉಳಿದಿರುತ್ತದೆ. ‘ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತದೆ’ ಎನ್ನುವವರ ನಿದ್ದೆಯೂ ಎಷ್ಟೋ ಬಾರಿ ತೆಳುವಾಗಿರುತ್ತದೆ. ಕೊನೆಯ ಕಾಫಿ ಮಧ್ಯಾಹ್ನ ಮೂರರೊಳಗೆ ಮುಗಿಯಲಿ. ಬೆಳಗಿನ ಫಿಲ್ಟರ್ ಕಾಫಿಯನ್ನು ಬಿಡಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ.

ಮಲಗುವುದಕ್ಕೆ ಒಂದು ಗಂಟೆ ಮೊದಲು ಫೋನನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕಿ ಅಲ್ಲಿಯೇ ಬಿಡಿ. ಅಲಾರಾಂಗೆ ಫೋನೇ ಬೇಕು ಎಂಬ ನೆಪ ಎದುರಾಗುತ್ತದೆ, ಅದಕ್ಕಾಗಿಯೇ ಸಾಮಾನಿನ ಪಟ್ಟಿಯಲ್ಲಿ ಗಡಿಯಾರ ಸೇರಿಸಿದ್ದು. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹೊರಳಾಡಬೇಡಿ. ಎದ್ದು ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದ ಮೇಲೆ ಹಾಸಿಗೆಗೆ ಮರಳಿ. ಮಧ್ಯಾಹ್ನ ಮಲಗುವ ರೂಢಿಯಿದ್ದರೆ ಮೂರು ಗಂಟೆಯೊಳಗೆ, ಅರ್ಧ ಗಂಟೆ ಮೀರದಂತೆ ಇರಲಿ.

ಜೋರು ಗೊರಕೆ, ನಡುನಡುವೆ ಉಸಿರು ನಿಂತಂತಾಗಿ ಗಕ್ಕನೆ ಎಚ್ಚರವಾಗುವುದು, ಎಂಟು ಗಂಟೆ ಮಲಗಿದರೂ ಹಗಲಲ್ಲಿ ಗಾಡಿ ಓಡಿಸುವಾಗ ತೂಕಡಿಕೆ ಬರುವುದು ಅಭ್ಯಾಸದಿಂದ ಸರಿಹೋಗುವ ಸಂಗತಿಗಳಲ್ಲ. ನಿದ್ದೆಯಲ್ಲಿ ಉಸಿರುಕಟ್ಟುವ ಕಾಯಿಲೆಗೆ ಪರೀಕ್ಷೆಯೂ ಇದೆ, ಚಿಕಿತ್ಸೆಯೂ ಇದೆ. ಇದನ್ನು ಪಕ್ಕದಲ್ಲಿ ಮಲಗುವವರೇ ಮೊದಲು ಗಮನಿಸುವುದರಿಂದ ಅವರ ದೂರನ್ನು ತಮಾಷೆಗೆ ತಳ್ಳಿಹಾಕಬೇಡಿ.

ಹಂತ 4: ಬೆಳಗಿನ ಮೊದಲ ಗಂಟೆ

ಎದ್ದ ಒಂದು ಗಂಟೆಯೊಳಗೆ ಹತ್ತರಿಂದ ಇಪ್ಪತ್ತು ನಿಮಿಷ ಹೊರಗಿನ ಬೆಳಕಿನಲ್ಲಿರಿ. ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಹಾಲಿಗೆ ಹೋಗಿ ಬರುವುದು, ಯಾವುದಾದರೂ ಸರಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗಲೇ ದೇಹದ ಒಳಗಡಿಯಾರ ಸರಿಹೊಂದುವುದು, ಮತ್ತು ಅಂದಿನ ರಾತ್ರಿಯ ನಿದ್ದೆಯ ಹೊತ್ತು ತೀರ್ಮಾನವಾಗುವುದು. ಮಳೆಗಾಲದ ಮಲೆನಾಡಿನ ಮೋಡದ ಬೆಳಕೂ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಹಲವು ಪಟ್ಟು ಪ್ರಖರವಾಗಿರುತ್ತದೆ. ಚಳಿಗಾಲದಲ್ಲಿ ಎಂಟಾದರೂ ಸೂರ್ಯ ಕಾಣದ ಇಂಗ್ಲೆಂಡಿನಂಥ ಕಡೆಗಳಲ್ಲಿರುವ ಕನ್ನಡಿಗರು ಇದನ್ನು ಮಧ್ಯಾಹ್ನದ ಬಿಡುವಿಗೆ ಮುಂದೂಡಿಕೊಳ್ಳಬೇಕಾಗುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬಲವಾಗಿ ಬೇರುಬಿಟ್ಟಿದೆ. ಎಳೆಬಿಸಿಲು ನಿದ್ದೆಯ ಲಯಕ್ಕೆ ಒಳ್ಳೆಯದೇ ಹೊರತು ವಿಟಮಿನ್ ಡಿ ಸಿಗುವುದು ಅದರಿಂದಲ್ಲ. ಅದನ್ನು ಚರ್ಮದಲ್ಲಿ ಉಂಟುಮಾಡುವ ಕಿರಣಗಳು ನಮ್ಮಲ್ಲಿ ಹೆಚ್ಚಾಗಿ ಬರುವುದು ಹತ್ತರಿಂದ ಮೂರರ ನಡುವೆ. ಕಿಟಕಿಯ ಗಾಜಿನ ಹಿಂದೆ ಕುಳಿತರೂ ಪ್ರಯೋಜನವಿಲ್ಲ, ಏಕೆಂದರೆ ಗಾಜು ಆ ಕಿರಣಗಳನ್ನು ತಡೆಯುತ್ತದೆ. ಮೈಕೈ ನೋವು, ಸುಸ್ತು ಬಹುಕಾಲ ಇದ್ದರೆ ರಕ್ತ ಪರೀಕ್ಷೆ ಮಾಡಿಸಿಕೊಂಡು ವೈದ್ಯರು ಹೇಳಿದಷ್ಟೇ ಮಾತ್ರೆ ತೆಗೆದುಕೊಳ್ಳಿ.

ನೀರು ಒಂದು ಲೋಟ ಸಾಕು. ಬಿಸಿಯೋ ತಣ್ಣಗೋ ನಿಮ್ಮ ಇಷ್ಟ. ನಿಂಬೆ ಮತ್ತು ಜೇನುತುಪ್ಪ ಸೇರಿಸಿದರೆ ರುಚಿ ಬರುತ್ತದೆ, ಕೊಬ್ಬು ಕರಗುವುದಿಲ್ಲ. ದಿನಕ್ಕೆ ಎಷ್ಟು ಕುಡಿಯಬೇಕೆಂಬುದಕ್ಕೆ ಲೀಟರಿನ ಲೆಕ್ಕಕ್ಕಿಂತ ಮೂತ್ರದ ಬಣ್ಣ ಒಳ್ಳೆಯ ಸೂಚಕ: ತಿಳಿಹಳದಿ ಇದ್ದರೆ ಸರಿ, ಗಾಢ ಹಳದಿಯಾದರೆ ಕಡಿಮೆ ಕುಡಿದಿದ್ದೀರಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯವರಿಗೆ ವೈದ್ಯರು ನೀರಿನ ಮಿತಿ ಹೇಳಿದ್ದರೆ ಅದೇ ಅಂತಿಮ. ತಾಮ್ರದ ತಂಬಿಗೆ ಬಳಸುವವರು ಅದರಲ್ಲಿ ಬರೀ ನೀರಿಡಿ. ಮಜ್ಜಿಗೆ, ನಿಂಬೆಪಾನಕದಂಥ ಹುಳಿ ಪದಾರ್ಥ ತಾಮ್ರವನ್ನು ಕರಗಿಸುತ್ತದೆ.

ಥೈರಾಯ್ಡ್ ಮಾತ್ರೆಯವರಿಗೆ ಕ್ರಮವೇ ಮುಖ್ಯ. ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರೆ, ಅರ್ಧದಿಂದ ಒಂದು ಗಂಟೆ ಕಳೆದ ಮೇಲೆ ಕಾಫಿ. ಕಾಫಿಯ ಜೊತೆಯಲ್ಲೇ ನುಂಗಿ, ‘ಎಷ್ಟು ಮಾತ್ರೆ ತಿಂದರೂ ಟಿ.ಎಸ್.ಎಚ್. (ಥೈರಾಯ್ಡ್ ರಕ್ತ ಪರೀಕ್ಷೆಯ ಅಂಕಿ) ಇಳಿಯುತ್ತಿಲ್ಲ’ ಎಂದು ಕೊರಗುವವರು ಮೊದಲು ಈ ಅಂತರವನ್ನು ಸರಿಪಡಿಸಿಕೊಳ್ಳಲಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಥೈರಾಯ್ಡ್ ಮಾತ್ರೆಗೂ ನಡುವೆ ನಾಲ್ಕು ಗಂಟೆ ಅಂತರವಿರಬೇಕು.

ತಿಂಡಿ ತಿಂದ ಮೇಲೆ ಕರುಳಿನ ಚಲನೆ ಸಹಜವಾಗಿ ಹೆಚ್ಚುವುದರಿಂದ ಮಲವಿಸರ್ಜನೆಗೆ ಅದು ಒಳ್ಳೆಯ ಹೊತ್ತು. ಕಮೋಡಿನ ಮೇಲೆ ಕೂರುವವರು ಪಾದದ ಕೆಳಗೆ ಒಂದು ಗಿಡ್ಡ ಮಣೆ ಇಟ್ಟುಕೊಂಡರೆ ತಿಣುಕುವುದು ತಪ್ಪುತ್ತದೆ. ಅಲ್ಲಿಗೂ ಫೋನ್ ಒಯ್ದು ಅರ್ಧ ಗಂಟೆ ಕೂರುವುದು ಮೂಲವ್ಯಾಧಿಗೆ ದಾರಿ.

ಹಂತ 5: ನಡಿಗೆಯನ್ನು ಊಟಗಳಿಗೆ ಜೋಡಿಸಿ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಗತಿಯ ವ್ಯಾಯಾಮ ಬೇಕು. ಇದರ ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ಮೂರು ಊಟಗಳ ಬಳಿಕ ಹತ್ತು ಹತ್ತು ನಿಮಿಷ ನಡೆದರೆ ದಿನಕ್ಕೆ ಮೂವತ್ತು, ಐದು ದಿನಕ್ಕೆ ನೂರೈವತ್ತು. ಬೆಳಗಿನ ಒಂದು ಗಂಟೆಯ ನಡಿಗೆಗಿಂತ ಈ ಏರ್ಪಾಟು ಮುರಿಯುವುದು ಕಡಿಮೆ, ಏಕೆಂದರೆ ಊಟವನ್ನು ಯಾರೂ ಮರೆಯುವುದಿಲ್ಲ. ಉಂಡ ಮೇಲೆ ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುವುದರಿಂದ ಊಟದ ನಂತರದ ಏರಿಕೆಯೂ ತಗ್ಗುತ್ತದೆ.

ಗತಿಯನ್ನು ಹೀಗೆ ನೋಡಿಕೊಳ್ಳಿ: ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಉಂಡ ತಕ್ಷಣ ಅಷ್ಟು ಬಿರುಸು ಬೇಡವೆನಿಸಿದರೆ ಮೊದಲ ಐದು ನಿಮಿಷ ನಿಧಾನವಾಗಿ ಹೆಜ್ಜೆ ಹಾಕಿ, ಮತ್ತು ದಿನದಲ್ಲಿ ಒಂದು ನಡಿಗೆಯನ್ನಾದರೂ ಚುರುಕಾಗಿ ಇಪ್ಪತ್ತು ನಿಮಿಷಕ್ಕೆ ಎಳೆಯಿರಿ. ಪಾದಚಾರಿ ಮಾರ್ಗವಿಲ್ಲದ ರಸ್ತೆ, ಬೀದಿನಾಯಿ, ಮಳೆ ಇದ್ದಲ್ಲಿ ತಾರಸಿಯೇ ಸಾಕು.

ಮೊದಲ ದಿನವೇ ಹತ್ತು ಸಾವಿರ ಹೆಜ್ಜೆ ಹಾಕುವುದು, ಅದೂ ಸವೆದ ಹವಾಯಿ ಚಪ್ಪಲಿಯಲ್ಲಿ, ಹಿಮ್ಮಡಿ ನೋವಿಗೆ ಆಹ್ವಾನ. ಬೆಳಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಯಲ್ಲಿ ಸೂಜಿ ಚುಚ್ಚಿದಂತಾದರೆ ಒಂದು ವಾರ ನಡಿಗೆಯನ್ನು ಅರ್ಧಕ್ಕಿಳಿಸಿ, ಬೂಟು ಬದಲಿಸಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬಾರದು. ರಾತ್ರಿ ಪಾದದ ಅಡಿಯನ್ನು ಕನ್ನಡಿ ಹಿಡಿದಾದರೂ ನೋಡಿಕೊಳ್ಳಬೇಕು.

ಬಲದ ಕಸರತ್ತಿಗೆ ಜಿಮ್ ಬೇಕಿಲ್ಲ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಅಂಗೈ ಊರಿ ಹತ್ತು ಸಲ ದಂಡ ತೆಗೆಯುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಇವನ್ನೇ ಎರಡು ಮೂರು ಸುತ್ತು ಮಾಡಿ. ಐವತ್ತು ದಾಟಿದವರು ನಡಿಗೆಗಿಂತ ಇದನ್ನೇ ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ವಯಸ್ಸಾದ ಮೇಲೆ ಬಚ್ಚಲುಮನೆಯಲ್ಲಿ ಜಾರಿದಾಗ ಸಾವರಿಸಿಕೊಳ್ಳಲು ಬೇಕಾಗುವುದು ಈ ಬಲವೇ. ಯೋಗಾಸನ ಮಾಡುವವರು ರಕ್ತದೊತ್ತಡವೋ ಗ್ಲಾಕೋಮಾ ಎಂಬ ಕಣ್ಣಿನ ಒತ್ತಡದ ಕಾಯಿಲೆಯೋ ಇದ್ದರೆ ಶೀರ್ಷಾಸನ, ಸರ್ವಾಂಗಾಸನದಂಥ ತಲೆಕೆಳಗಿನ ಭಂಗಿಗಳಿಂದ ದೂರವಿರಿ.

ಹಂತ 6: ತಟ್ಟೆಯಲ್ಲಿ ಬಡಿಸುವ ಕ್ರಮ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಧಾನ್ಯ ಮತ್ತು ಸಿರಿಧಾನ್ಯ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್ ಬೇಕು. ಧಾನ್ಯ ಮತ್ತು ಬೇಳೆಯ ತೂಕ ಬೇಯಿಸುವ ಮುಂಚಿನದು. ನಮ್ಮ ಮನೆಗಳ ತಟ್ಟೆಯನ್ನು ಇದರ ಎದುರು ಇಟ್ಟರೆ ಅನ್ನ ವಿಪರೀತ, ಪಲ್ಯ ಉಪ್ಪಿನಕಾಯಿಯಷ್ಟು, ಬೇಳೆ ತಿಳಿನೀರಿನಷ್ಟು ಎಂಬುದು ಗೊತ್ತಾಗುತ್ತದೆ.

ತೂಗಿ ತಿನ್ನುವುದು ಯಾರಿಗೂ ಸಾಗುವುದಿಲ್ಲ. ಬಡಿಸುವ ಕ್ರಮ ಬದಲಿಸಿ. ಮೊದಲು ಅರ್ಧ ತಟ್ಟೆಯಷ್ಟು ಪಲ್ಯ ಮತ್ತು ಕೋಸಂಬರಿ ಬಡಿಸಿಕೊಂಡು ಅದರಲ್ಲಿ ಒಂದು ಪಾಲನ್ನು ತಿಂದ ಮೇಲೆಯೇ ಅನ್ನಕ್ಕೋ ಮುದ್ದೆಗೋ ಕೈಹಾಕಿ. ಅನ್ನದ ಸೌಟು ಒಂದು ಕಡಿಮೆಯಾಗಲಿ, ಪಲ್ಯದ ಸೌಟು ಒಂದು ಹೆಚ್ಚಾಗಲಿ; ಅನ್ನವನ್ನು ಪೂರ್ತಿ ಬಿಟ್ಟು ನಾಲ್ಕನೆಯ ದಿನ ಎರಡು ಪಟ್ಟು ತಿನ್ನುವುದಕ್ಕಿಂತ ಇದು ಮೇಲು. ಸಾರನ್ನು ಬಡಿಸುವಾಗ ಸೌಟು ಪಾತ್ರೆಯ ತಳ ಮುಟ್ಟಬೇಕು. ಮೇಲಿನ ತಿಳಿಯನ್ನಷ್ಟೇ ಹಾಕಿಸಿಕೊಂಡವರಿಗೆ ಹುಣಸೆಹುಳಿ, ಉಪ್ಪು, ಒಗ್ಗರಣೆ ಸಿಕ್ಕಿರುತ್ತದೆ, ಬೇಳೆ ತಳದಲ್ಲೇ ಉಳಿದಿರುತ್ತದೆ. ಮಸ್ಸೊಪ್ಪು, ಹುರುಳಿಕಾಳಿನ ಬಸ್ಸಾರು ಮತ್ತು ಅದರ ಪಲ್ಯ, ಮೊಳಕೆಕಾಳಿನ ಹುಳಿ ಮಾಡುವ ಮನೆಗಳಲ್ಲಿ ಈ ಕೊರತೆ ಕಡಿಮೆ.

ರಾಗಿಯ ಬಗ್ಗೆ ಎರಡು ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಯಾವ ಅಕ್ಕಿಯೂ ಇದರ ಹತ್ತಿರ ಸುಳಿಯುವುದಿಲ್ಲ. ಆದರೆ ರಾಗಿಯೂ ಧಾನ್ಯವೇ. ಸಕ್ಕರೆ ಕಾಯಿಲೆಗೆ ರಾಗಿ ಒಳ್ಳೆಯದೆಂದು ಎರಡು ದೊಡ್ಡ ಮುದ್ದೆ ಇಳಿಸುವುದು, ಬೆಲ್ಲ ಹಾಕಿದ ರಾಗಿ ಮಾಲ್ಟನ್ನು ಲೋಟಗಟ್ಟಲೆ ಕುಡಿಯುವುದು ಔಷಧವಾಗದು. ಒಂದು ಸಾಧಾರಣ ಮುದ್ದೆ, ಜೊತೆಗೆ ಸೊಪ್ಪು ಕಾಳು ಧಾರಾಳವಾಗಿ ಇರಲಿ.

ಊಟದ ಜೊತೆ ಅಥವಾ ಊಟವಾದ ಕೂಡಲೇ ಕಾಫಿ, ಚಹಾ ಕುಡಿದರೆ ಆಹಾರದ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹಿಂದೆ ಮುಂದೆ ಒಂದೊಂದು ಗಂಟೆ ಬಿಡುವಿರಲಿ. ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣ ಹೀರಿಕೆಗೆ ನೆರವಾಗುತ್ತದೆ. ಸಸ್ಯಾಹಾರಿಗಳು ಹಾಲು ಮೊಸರು ಕಡಿಮೆ ಮಾಡಿದ್ದು, ಅಂಗಾಲಿನಲ್ಲಿ ಜೋಮು, ಉರಿ, ನಾಲಿಗೆ ಹುಣ್ಣು ಕಾಣಿಸಿಕೊಂಡರೆ ಬಿ12 ಪರೀಕ್ಷೆ ಮಾಡಿಸಬೇಕು.

ನಾರಿನ ಅಂಶವನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ, ವಾಯು ಖಚಿತ. ಎರಡು ಮೂರು ವಾರಗಳಲ್ಲಿ ನಿಧಾನವಾಗಿ, ನೀರನ್ನೂ ಜೊತೆಯಲ್ಲೇ ಹೆಚ್ಚಿಸುತ್ತ ಹೋಗಿ.

ಹಂತ 7: ಉಪ್ಪು, ಎಣ್ಣೆ, ಸಕ್ಕರೆಗೆ ಪೊಟ್ಟಣದ ಲೆಕ್ಕ

‘ನಾವು ಉಪ್ಪು ಕಡಿಮೆಯೇ ತಿನ್ನುವುದು’ ಎಂಬ ಮಾತನ್ನು ಪರೀಕ್ಷಿಸಲು ಒಂದು ಬಾಲ್‌ಪೆನ್ ಸಾಕು. ಹೊಸ ಉಪ್ಪಿನ ಪೊಟ್ಟಣ ಕತ್ತರಿಸಿದ ದಿನ ಅದರ ಮೇಲೆಯೇ ತಾರೀಖು ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ. ನಾಲ್ವರ ಮನೆಯಲ್ಲಿ ಒಂದು ಕಿಲೋ ಪೊಟ್ಟಣ 50 ದಿನ ಬರಬೇಕು. ಮೂವತ್ತು ದಿನಕ್ಕೆ ಮುಗಿದರೆ ತಲೆಗೆ ಎಂಟು ಗ್ರಾಂ ದಾಟಿತು, ಹೋಟೆಲು, ಬೇಕರಿ, ಅಂಗಡಿಯಿಂದ ತಂದ ಹಪ್ಪಳ ಉಪ್ಪಿನಕಾಯಿಯ ಉಪ್ಪು ಇದಕ್ಕೆ ಹೊರತು.

ಇಳಿಸುವ ಕ್ರಮ ಹೀಗೆ. ಪ್ರತಿ ಬೆಳಗ್ಗೆ ಆ ದಿನದ ಉಪ್ಪನ್ನು ಅಳತೆ ಚಮಚದಿಂದ ಒಂದು ಪುಟ್ಟ ಬಟ್ಟಲಿಗೆ ತೆಗೆದಿಟ್ಟು, ದಿನದ ಅಡುಗೆಯೆಲ್ಲ ಆ ಬಟ್ಟಲಿನಿಂದಲೇ ನಡೆಯಲಿ. ನಾಲ್ವರಿಗೆ ಕೊನೆಗೆ ತಲುಪಬೇಕಾದದ್ದು ತಲೆತಟ್ಟಿದ ಮೂರು ಚಮಚ. ನಾಲ್ಕನೆಯದು ಹೊರಗಿನ ತಿನಿಸಿನಲ್ಲಿ ಹೇಗೂ ಬರುತ್ತದೆ. ಈಗ ಆರು ಚಮಚ ಹೋಗುತ್ತಿದ್ದರೆ ಎರಡು ವಾರಕ್ಕೊಮ್ಮೆ ಅರ್ಧ ಚಮಚ ಇಳಿಸಿ. ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ. ಅನ್ನಕ್ಕೆ, ಮಜ್ಜಿಗೆಗೆ, ಚಪಾತಿ ಹಿಟ್ಟಿಗೆ ಹಾಕುವ ಉಪ್ಪನ್ನು ಮೊದಲು ನಿಲ್ಲಿಸಿ, ಸಾರಿನ ಉಪ್ಪನ್ನು ಕೊನೆಗೆ ಮುಟ್ಟಿ. ಸಾರು ಸಪ್ಪೆಯಾದ ದಿನವೇ ಮನೆಮಂದಿ ದಂಗೆ ಏಳುವುದು.

ಸೈಂಧವ ಲವಣಕ್ಕೆ ಬದಲಾಯಿಸಿದ್ದೇವೆ, ಹಾಗಾಗಿ ಚಿಂತೆಯಿಲ್ಲ ಎನ್ನುವುದು ತಪ್ಪು. ಅದರಲ್ಲಿರುವುದೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್, ಮತ್ತು ಅಯೋಡಿನ್ ಸೇರಿಸಿರದಿದ್ದರೆ ಅದೊಂದು ಹೊಸ ಕೊರತೆ. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ರೋಗಿಗಳು ಮತ್ತು ಕೆಲವು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಎಣ್ಣೆಗೂ ಇದೇ ಲೆಕ್ಕ. ಹಂತ 6ರಲ್ಲಿ ಹೇಳಿದ ಮಾರ್ಗಸೂಚಿಯ, ಒಬ್ಬರಿಗೆ ದಿನಕ್ಕೆ 27 ಗ್ರಾಮಿನ ಲೆಕ್ಕದಂತೆ ನಾಲ್ವರು ದೊಡ್ಡವರ ಮನೆಗೆ ತಿಂಗಳಿಗೆ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಸೇರಿ ಸುಮಾರು ಮೂರೂವರೆ ಲೀಟರ್. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಸಕ್ಕರೆಗೆ ಒಬ್ಬರಿಗೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಬೆಲ್ಲವೂ ಜೇನುತುಪ್ಪವೂ ಬಿಸ್ಕತ್ತಿನ ಸಿಹಿಯೂ ಇದರೊಳಗೇ ಬರಬೇಕು.

ಹಂತ 8: ಕಷಾಯ, ರಸ, ಪುಡಿಗಳಿಗೆ ಬೇಲಿ ಹಾಕಿ

ಜೀರಿಗೆ ಕೊತ್ತಂಬರಿಯ ಕಷಾಯ, ಶುಂಠಿ ಕಷಾಯ, ಮಜ್ಜಿಗೆಯಂಥ ಮನೆಯ ಪಾನೀಯಗಳಿಗೆ ಅಡ್ಡಿಯಿಲ್ಲ. ತೊಂದರೆ ಶುರುವಾಗುವುದು ಗಿಡಮೂಲಿಕೆಯನ್ನು ದಿನವೂ, ತಿಂಗಳುಗಟ್ಟಲೆ, ಅಳತೆಯಿಲ್ಲದೆ ಸೇವಿಸಿದಾಗ. ಅಮೃತಬಳ್ಳಿ ಮತ್ತು ಅಶ್ವಗಂಧವನ್ನು ಹೀಗೆ ತೆಗೆದುಕೊಂಡವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ. ಜ್ಯೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ. ಹಾಗಲಕಾಯಿ ರಸ, ಮೆಂತ್ಯದ ನೀರು ಸಕ್ಕರೆ ಕಾಯಿಲೆಯ ಮಾತ್ರೆಯೊಂದಿಗೆ ಸೇರಿ ಸಕ್ಕರೆಯನ್ನು ಅಗತ್ಯಕ್ಕಿಂತ ಕೆಳಗೆ ಇಳಿಸಬಹುದು.

ಹಸಿ ಸೋರೆಕಾಯಿ ರಸದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸೋರೆಕಾಯಿ ಕಹಿಯಾಗಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷಾಂಶವಿದೆ ಎಂದರ್ಥ. ಕಹಿ ರಸವನ್ನು ಔಷಧವೆಂದು ನುಂಗಿ ರಕ್ತವಾಂತಿಯಾಗಿ ಪ್ರಾಣ ಹೋದ ಘಟನೆಗಳು ಭಾರತದಲ್ಲೇ ನಡೆದಿವೆ. ಒಂದು ಸಣ್ಣ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಕಾಯಿಯನ್ನೇ ಎಸೆಯಿರಿ. ರಸ ಕುಡಿದ ಮೇಲೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಹೊರಡಿ. ಹೆಸರು, ತಯಾರಕರ ವಿವರ, ಪರವಾನಗಿ ಸಂಖ್ಯೆ ಇಲ್ಲದ ಪೊಟ್ಟಣದ ಪುಡಿಗಳನ್ನು ಯಾರು ಶಿಫಾರಸು ಮಾಡಿದರೂ ತೆಗೆದುಕೊಳ್ಳಬೇಡಿ. ಅವುಗಳಲ್ಲಿ ಸ್ಟೀರಾಯ್ಡ್ ಅಥವಾ ಸೀಸದಂಥ ಲೋಹ ಬೆರೆತಿರುವ ಸಾಧ್ಯತೆಯಿದೆ.

ದಿನಚರಿ ತಪ್ಪಿದಾಗ

ಮದುವೆ, ಜಾತ್ರೆ, ಪ್ರವಾಸ, ಜ್ವರ ಬಂದಾಗ ಕ್ರಮ ತಪ್ಪಿಯೇ ತಪ್ಪುತ್ತದೆ. ಮರುದಿನ ಉಪವಾಸ ಮಾಡಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಡಿ, ಎರಡು ಪಟ್ಟು ನಡೆಯಲೂ ಬೇಡಿ. ಏಳುವ ಹೊತ್ತನ್ನು ಮೊದಲು ಹಿಡಿಯಿರಿ, ಅಂದು ಸಂಜೆಯೇ ಊಟದ ಹೊತ್ತನ್ನು ಹಿಡಿಯಿರಿ, ಉಳಿದವನ್ನು ಒಂದೆರಡು ದಿನ ಬಿಟ್ಟು ಸೇರಿಸಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಮೊದಲ ವಾರದ ಎರಡು ಅಳತೆಗಳನ್ನು ಅದೇ ವಿಧಾನದಲ್ಲಿ ಮತ್ತೆ ತೆಗೆದು ಪಕ್ಕಪಕ್ಕದಲ್ಲಿ ಬರೆಯಿರಿ.

ಅಭ್ಯಾಸದಿಂದ ವಾಸಿಯಾಗದ, ತಡಮಾಡಬಾರದ ಲಕ್ಷಣಗಳು

ಪ್ರಯತ್ನವಿಲ್ಲದೆ ತೂಕ ಇಳಿಯುವುದು, ವಿಪರೀತ ಬಾಯಾರಿಕೆ ಮತ್ತು ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಮಲದಲ್ಲಿ ರಕ್ತ, ಎರಡು ವಾರ ದಾಟಿದ ಕೆಮ್ಮು, ವಾರಗಟ್ಟಲೆ ಯಾವುದರಲ್ಲೂ ಆಸಕ್ತಿಯಿಲ್ಲದೆ ಮನಸ್ಸು ಕುಗ್ಗಿರುವುದು, ಇವಿದ್ದರೆ ದಿನಚರಿಯ ಯಾವ ಹಂತದಲ್ಲಿದ್ದರೂ ವೈದ್ಯರನ್ನು ಕಾಣಬೇಕು.

ನಡೆಯುವಾಗ ಎದೆ ಬಿಗಿದಂತಾಗಿ ನಿಂತ ಕೂಡಲೇ ಸರಿಹೋದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕಬಾರದು. ಅದೇ ವಾರ ತಪಾಸಣೆಯಾಗಬೇಕು. ನಿಂತರೂ ಹೋಗದ ಎದೆನೋವು, ದವಡೆಗೋ ಎಡತೋಳಿಗೋ ಹರಡುವ ನೋವು, ತಣ್ಣನೆಯ ಬೆವರು, ಏದುಸಿರು ಇದ್ದರೆ ಅಲ್ಲೇ ಕುಳಿತು 108ಕ್ಕೆ ಕರೆ ಮಾಡಿಸಿ, ಸ್ವತಃ ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವಿಲ್ಲದೆ ಬರೀ ಸುಸ್ತು, ವಾಕರಿಕೆ, ಉಸಿರಾಟದ ಕಷ್ಟವಾಗಿಯೂ ಹೃದಯಾಘಾತ ಬರಬಹುದು.

ಮುಖ ಒಂದು ಕಡೆ ಸೊಟ್ಟಗಾದರೆ, ಎರಡೂ ಕೈ ಎತ್ತಲು ಹೇಳಿದಾಗ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ರಕ್ತನಾಳದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುವುದರಿಂದ ರೋಗಿ ಕೊನೆಯ ಬಾರಿ ಸರಿಯಾಗಿ ಇದ್ದದ್ದು ಎಷ್ಟು ಹೊತ್ತಿಗೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯ ಜೊತೆಗೆ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಒಯ್ಯಿರಿ.